ನಗಿ ಬಂದಾದ ಮನಿ

ಅಮರಮ್ಮನ ಮನಿಯೊಳಗ ನಗೋದು ಬಂದಾಗಿ ಆವತ್ತಿಗೆ ಹದಿನೇಳು ದಿನ. ಪೊಲೀಸರು ಹಾಕೋ ಕರ್ಫ್ಯೂ ಆದ್ರೂ ಸಂಜಿಗೆ ಎರಡು ತಾಸು ಸಡಿಲ ಆಗ್ತೈತಿ, ಈ ಮುದುಕೀದು ಅದೂ ಇಲ್ಲ. ಗಂಡ ಯಂಕೋಬ ಊಟಕ್ಕ ಕುಂತು ಬಾಯಿ ತೆಗದ್ರ ಸಾಕು, ಕಣ್ಣು ಕಿಸಿದು ನೋಡ್ತಿದ್ಲು. ಟೀವಿಯೊಳಗ ಚಾಷ್ಟಿ ಕಾರ್ಯಕ್ರಮ ಬಂದ್ರ ರಿಮೋಟ್ ಕಸಗೊಂಡು ಸುದ್ದಿ ಹಚ್ಚತಿದ್ಲು. ಮಂದಿನ್ನ ನಗಸೋ ಬಾಜೂಮನಿ ಆಟೋ ನಬೀಸಾಬ್ ಕಟ್ಟಿಗೆ ಬಂದು ಕುಂತ್ರ, "ಕೂಸು ಮಲಗೈತಿ, ಆಮ್ಯಾಗ ಬಾರಪಾ" ಅಂತ ಬಾಗಿಲದಾಗ ಅಡ್ಡ ನಿಲ್ತಿದ್ಲು. ಕಾರಣ ಒಂದ. ಮೊಮ್ಮಗಳು ಪಂಪಾವತಿ ನಕ್ರ ಬೀಳ್ತಿದ್ಲು.

ಹೌದ್ರಿ, ನಕ್ರ ಬೀಳ್ತಿದ್ಲು. ಆರು ವರ್ಷದ ಹುಡುಗಿ. ಮಳಿಗಾಲದಾಗ ನಾಕು ದಿನ ಜ್ವರ ಬಂದು ಹೋದ್ವು, ಅಲ್ಲಿಂದ ಶುರುವಾತು ನೋಡ್ರಿ ನಿದ್ದಿ. ರೊಟ್ಟಿ ಕೈಯಾಗ ಹಿಡಕೊಂಡು ನಿದ್ದಿ, ಸಾಲಿ ಬೆಂಚಿನ ಮ್ಯಾಲೆ ನಿದ್ದಿ, ಚಡ್ಡಿ ಹಾಕೊಳ್ಳುವಾಗ ಒಂದು ಕಾಲು ಒಳಗ ಒಂದು ಕಾಲು ಹೊರಗ ಇದ್ದಂಗ ನಿದ್ದಿ. ಎರಡು ತಿಂಗಳು ಕಳದ ಮ್ಯಾಲೆ ಬೀಳೋದೂ ಕೂಡ್ಕೊಂತು. ಮೊಣಕಾಲು ಮೆತ್ತಗಾಗಿ, ಗೋಣು ಜೋಲಿ ಹೊಡದು, ತೊಯ್ದ ಅರಿಬಿ ಹಂಗ ಕುಸೀತಿದ್ಲು. ಒಂದು ನಿಮಿಷ, ಮತ್ತ ಎದ್ದು ಕೂಡ್ತಿದ್ಲು.

ಮನಿ ಸಿಂಧನೂರಿನ ಕುಷ್ಟಗಿ ರೋಡಿನ ಹಿಂದಿನ ಓಣಿಯಾಗ. ಮಗ ಲಕ್ಷ್ಮಣ ಲೈನ್‌ಮನ್, ದಿನಾ ಬೈಕ್ ಹಾಕ್ಕೊಂಡು ಗೊರೇಬಾಳ, ಜವಳಗೇರಾ ಕಡೆ ಕಂಬ ಹತ್ತಾಕ ಹೋಗಾಂವ. ಸೊಸಿ ಭಾರತಿ ಮಸ್ಕಿ ಹೈಸ್ಕೂಲಿನಾಗ ಟೀಚರ್, ಏಳೂವರಿ ಬಸ್ಸಿಗೆ ಹೋದ್ರ ಸಂಜಿ ಆರಕ್ಕ ಮನಿ. ಹಿಂಗಾಗಿ ಕೂಸಿನ ಹಗಲೆಲ್ಲಾ ಅಮರಮ್ಮನ ಪಾಲಿಗೆ ಬಂದಿತ್ತು.

ಊರಾಗಿನ ದವಾಖಾನಿ ಡಾಕ್ಟ್ರು ತಲಿಗೆ ವೈರು ಹಚ್ಚಿ ನೋಡಿ, "ಇದರಾಗ ಏನೂ ಕಾಣಸವಲ್ದು. ಆದ್ರ ಬೀಳೋದು ನೋಡಿದ್ರ ಫಿಟ್ಸ್ ಇರಬೇಕು" ಅಂದು ಒಂದು ಸಿರಪ್ ಬರದು ಕೊಟ್ರು. ಎಷ್ಟು ಸಲ ಬೀಳ್ತಾಳ ಬರದಿಡ್ರಿ ಅಂತ ಹೇಳಿದ್ರು. ಬರಿಯೋ ಕೆಲಸ ಯಂಕೋಬನಿಗೆ ಹೋತು. ಮೂವತ್ತೊಂದು ವರ್ಷ ಕಾಲುವಿ ಮ್ಯಾಲೆ ಲಸ್ಕರ್ ಆಗಿ ಗೇಟು ಎತ್ತಿ ಇಳಿಸಿ, ದಿನಕ್ಕ ಮೂರು ಹೊತ್ತು ನೀರಿನ ಗೇಜು ಬರದಾಂವ ಅಂವ. ಕೂಸಿನ ನೋಟ್‌ಬುಕ್ಕಿನಾಗೂ ಹಂಗ ಗೆರಿ ಹೊಡದ. ತಾರೀಖು, ಟೈಮು, ಬಿದ್ದದ್ದು, ಎಷ್ಟು ಹೊತ್ತು. ಯಾಕ ಬಿದ್ಲು ಅನ್ನಾಕ ಖಾನಿ ಇರಲಿಲ್ಲ.

ಯಾಕ ಅನ್ನೋದು ಗೊತ್ತಾಗಿದ್ದು ಅಮರಮ್ಮನಿಗೆ. ನಬೀಸಾಬನ ಆಡು ಬಂದು ಹಿಟ್ಟಿನ ಡಬ್ಬಿಯೊಳಗ ಮಾರಿ ಹಾಕಿ ಬೆಳ್ಳಗ ಮಾಡ್ಕೊಂಡು ಬಂದಾಗ ಕೂಸು ನಕ್ಕು ಬಿತ್ತು. ತಾತ ಉಲ್ಟಾ ಅಂಗಿ ಹಾಕ್ಕೊಂಡು ಪ್ಯಾಟಿಗೆ ಹೊಂಟಾಗ ನಕ್ಕು ಬಿತ್ತು. ಮೂರನೇ ಸಲ ಅಮರಮ್ಮ ಬೇಕಂತ ಬಗಲಾಗ ಕಚಗುಳಿ ಇಟ್ಟು ನೋಡಿದ್ಲು, ಆಗೂ ಬಿತ್ತು. ಮುದುಕಿ ಯಾರ ಮುಂದೂ ಹೇಳ್ಲಿಲ್ಲ. ನಕ್ರ ಬೀಳ್ತೈತಿ ಅಂದ್ರ ಮಂದಿ ಏನಂತಾರ? ಹುಡುಗೀಗೆ ತಲಿ ಸರಿ ಇಲ್ಲ ಅಂತಾರ. ತವರುಮನಿ ಮುಕ್ಕುಂದದಾಗ ಒಬ್ಬಾಕಿಗೆ ಸಣ್ಣಾಕಿದ್ದಾಗ ಹುಚ್ಚಿ ಅಂತ ಬಿದ್ದ ಹೆಸರು ಮದಿವಿ ಆಗಿ ಮೊಮ್ಮಕ್ಕಳು ಬಂದ್ರೂ ಹೋಗಿರಲಿಲ್ಲ. ಅದಕ್ಕ ತನ್ನ ಮದ್ದು ತಾನ ಮಾಡಿದ್ಲು. ನಗಿನ ಇಲ್ಲಂದ್ರ ಬೀಳೋದೆಲ್ಲಿ?

"ಹಗುರ ಮೈ ಐತಿ ಕೂಸಿಂದು. ನಗಸಬ್ಯಾಡ, ದಣೀತೈತಿ" ಅಂತ ಗಂಡಗ ಅಷ್ಟು ಹೇಳಿದ್ಲು. ಅಂವ ಹೆಂಡತಿ ಮಾತಿಗೆ ನಲವತ್ತು ವರ್ಷದಿಂದ ತಕರಾರು ತೆಗಿಯೋದು ಬಿಟ್ಟಾಂವ, ಹೂಂ ಅಂದ. ಕೂಸಿಗೂ ಹೇಳಿದ್ಲು. "ನಗಬ್ಯಾಡವ್ವಾ. ನಕ್ಕಿ ಅಂದ್ರ ಈ ನಿನ್ನ ಮುದುಕಿ ಆಯಿ ಅಳ್ತಾಳ ನೋಡು."

ಹದಿನೇಳು ದಿನದಾಗ ನೋಟ್‌ಬುಕ್ಕಿನ ತುಂಬ ಸೊನ್ನಿ.

ಆವತ್ತು ಸಂಜಿ ಭಾರತಿ ಚೀಲ ಇಳಿಸಿ ಮೊದ್ಲು ನೋಟ್‌ಬುಕ್ ತೆಗದು ನೋಡಿದ್ಲು. ಮಾರಿ ಅರಳ್ತು.

"ಮಾವ, ಒಂದೂ ಇಲ್ಲಲ್ರೀ."

"ಇಲ್ಲ ನೋಡವಾ. ಸಿರಪ್ ಹತ್ತೈತಿ ಕಾಣಸ್ತೈತಿ."

ಅಮರಮ್ಮ ಪುಂಡಿಪಲ್ಯ ಬಡಸ್ತಿದ್ಲು. ಸೌಟು ಒಂಚೂರು ನಿಂತು ಮತ್ತ ಆಡ್ತು.

ಮರುದಿನ ಡಾಕ್ಟ್ರೂ ಸೊನ್ನಿ ನೋಡಿ ಖುಷಿ ಆದ್ರು. ಔಷಧ ಕೆಲಸ ಮಾಡಾಕತ್ತೈತಿ, ಮೂರು ವರ್ಷ ಬಿಡಬ್ಯಾಡ್ರಿ ಅಂದ್ರು. ಹುಡುಗಿ ತೂಕ ಏರೈತಿ ಅಂತ ಸಿರಪ್ಪಿನ ಅಳತಿನೂ ಏರಿಸಿದ್ರು. "ಮನ್ಯಾಗ ಬ್ಯಾರೆ ಏನರ ಗಮನಿಸೀರೇನು?" ಅಂತ ಕೇಳಿದ್ರು. ಭಾರತಿ ಅತ್ತಿ ಕಡೆ ನೋಡಿದ್ಲು. ಅಮರಮ್ಮ ಸೆರಗು ಸರಿ ಮಾಡ್ಕೊಂಡು, "ಏನಿಲ್ರೀ" ಅಂದ್ಲು.

ಅಳತಿ ಏರಿದ ಮ್ಯಾಲೆ ಕೂಸಿನ ಹಗಲೂ ಹೋತು. ಮುಂಜಾನೆ ಮಂಡಾಳ ಒಗ್ಗರಣಿ ಬಾಯಾಗ ಇಟ್ರ ಅಗಿಯೋದು ಮರತು ಹಂಗ ತೂಕಡಿಸ್ತಿತ್ತು. ಬರಿಯಾಕ ಕುಂದ್ರಿಸಿದ್ರ ಪೆನ್ಸಿಲ್ ಗೆರಿ ಕೆಳಗ ಜಾರಿ ಹಾಳಿ ಹೊರಗ ಹೋಗ್ತಿತ್ತು. ಎರಡನೇ ವಾರಕ್ಕ ಸಾಲಿ ಹೆಡ್‌ಮಾಸ್ಟರ್ ಕನಕರಾಯ ಭಾರತಿಗೆ ಫೋನ್ ಹಚ್ಚಿದ್ರು. ಹುಡುಗಿ ಬೆಂಚಿನಿಂದ ಜಾರಿ ಬಿದ್ದು ಹಣಿ ತರಚೈತಿ, ನಮಗ ಜವಾಬ್ದಾರಿ ಆಗಂಗಿಲ್ಲ, ಈ ವರ್ಷ ಮನ್ಯಾಗ ಇಟ್ಕೊಳ್ರಿ, ಆರಾಮಾದ್ರ ಮುಂದಿನ ವರ್ಷ ನೋಡೋಣು ಅಂದ್ರು.

ರಾತ್ರಿ ಊಟದ ಮುಂದ ಜಗಳ ಹತ್ತಿತು.

"ನೀ ನೌಕರಿಗೆ ರಜಾ ಹಾಕು" ಅಂದ್ಲು ಅಮರಮ್ಮ. "ಹೆತ್ತಾಕಿ ಬಾಜೂಕಿದ್ರ ಕೂಸು ಆರಾಮಾಗ್ತೈತಿ."

"ನಾ ಇದ್ರ ನಿದ್ದಿ ಹೋಗ್ತೈತೇನ್ರಿ ಅತ್ತಿ? ಮತ್ತೊಬ್ರು ಡಾಕ್ಟರಿಗೆ ತೋರಸಬೇಕು."

"ಬೀಳೋದು ನಿಂತೈತಲ್ಲ. ನಿದ್ದಿ ಮಾಡಿದ್ರ ಮಾಡ್ಲಿ ಬಿಡು, ಬೆಳಿಯೋ ಕೂಸು. ಗಲ್ಲ ನೋಡು ಹೆಂಗ ತುಂಬ್ಯಾವು."

"ಒಂದನೇ ಇಯತ್ತೆ ಹುಡುಗಿನ್ನ ಸಾಲಿ ಬಿಡಿಸ್ರಿ ಅಂದಾರ. ಅದರ ಫಿಕರ್ ಇಲ್ಲೇನು ನಿಮಗ? ನಮ್ಮ ಮಂದಿಯೊಳಗ ಹೆಣ್ಣುಮಕ್ಕಳು ಸಾಲಿ ಮೆಟ್ಲು ಹತ್ತಬೇಕಂದ್ರ ಎಷ್ಟು ಪಾಡು ಬಿದ್ದಾರ, ನೀವ ಹೇಳ್ತಿದ್ರಿ."

ಆ ಮಾತು ಅಮರಮ್ಮನಿಗೆ ನಟ್ತು. ತಾನು ಸಹಿ ಮಾಡೋದು ಕಲತದ್ದು ಮಗ ಹುಟ್ಟಿದ ಮ್ಯಾಲೆ. ಆದ್ರೂ ಸೋಲಾಕ ಮನಸ್ಸಿಲ್ಲ. "ಎಲ್ಲಾ ನನ್ನ ತಲಿಗೆ ಕಟ್ಟು. ಹಗಲೆಲ್ಲಾ ನೋಡ್ಕೊಳ್ಳಾಕಿ ನಾ, ಬಂದು ತಪ್ಪು ತೆಗಿಯಾಕಿ ನೀ" ಅಂದು ತಾಟು ಸರಿಸಿ ಎದ್ಲು. ಲಕ್ಷ್ಮಣ ಇಬ್ಬರ ನಡುವ ಕುಂತು ರೊಟ್ಟಿ ಮುರಿಯೋದೂ ಬಿಟ್ಟು ಗಂಗಾಳ ನೋಡ್ಕೊಂತ ಇದ್ದ. ಕೂಸು ಗ್ವಾಡಿಗೆ ಒರಗಿ ನಿದ್ದಿ ಹೋಗಿತ್ತು.

ಮುಂದಿನ ಭಾನುವಾರ ಬಯಲಾತು. ಭಾರತಿ ಅಡಗಿಮನಿಯೊಳಗ ರೊಟ್ಟಿ ಬಡೀತಿದ್ಲು, ಕೂಸು ಹೊಸ್ತಿಲದಾಗ ನಿಂತು ಹಿಟ್ಟಿನ ಉಂಡಿ ಮಾಡ್ತಿತ್ತು. ಆಗಷ್ಟ ಎಚ್ಚರಾಗಿತ್ತು, ಮಾರಿ ಹೊಳಪಿತ್ತು. ಅಲ್ಲೇ ಬಾಜೂಕ ಕುಂತಿದ್ದ ಯಂಕೋಬ ದೊಡ್ಡದೊಂದು ಸೀನು ಸೀನಿದ. ಸೀನಿದ ರಭಸಕ್ಕ ಕಟ್ಟಿಸಿದ ಹಲ್ಲಿನ ಸೆಟ್ಟು ಹಾರಿ ಹೋಗಿ ಹಿಟ್ಟಿನ ಪರಾತದಾಗ ಬಿತ್ತು. ಕೂಸು ತಡಕೊಳ್ಳಾಕ ನೋಡ್ತು. ಎರಡೂ ಕೈಲೆ ಬಾಯಿ ಮುಚ್ಕೊಂತು. ಆಗ್ಲಿಲ್ಲ. ಖಿಲ್ಲಂತ ನಕ್ಕಿದ್ದ ತಡ, ಗೋಣು ಬಿತ್ತು, ಮೊಣಕಾಲು ಬಿತ್ತು, ಹೊಸ್ತಿಲ ಮ್ಯಾಲೆ ಕುಸೀತು.

ಭಾರತಿ ಹಿಟ್ಟಿನ ಕೈಲೆ ಓಡಿ ಎತ್ತಿಕೊಂಡ್ಲು. ಯಂಕೋಬ ಗಾಬರಿಯಾಗಿ ಕಬ್ಬಿಣದ ಕೀಲಿಕೈ ಹುಡುಕಾಕ ಓಡಿದ, ಫಿಟ್ಸ್ ಬಂದವರ ಕೈಯಾಗ ಕಬ್ಬಿಣ ಹಿಡಸೋದು ಹಳೇ ಪದ್ಧತಿ. ಅಮರಮ್ಮ ಒಬ್ಬಾಕಿ ಗಾಬರಿ ಆಗ್ಲಿಲ್ಲ. ನೀರಿನ ತಂಬಿಗಿ ಹಿಡಕೊಂಡು ಬಂದು, "ಏನೂ ಆಗಿಲ್ಲ, ಈಗ ಏಳ್ತಾಳ. ನಕ್ಲಲ್ಲ, ಅದಕ್ಕ" ಅಂದುಬಿಟ್ಲು.

ಅಂದ ಮ್ಯಾಲೆ ತಿಳೀತು ಏನಂದೆ ಅಂತ.

ಭಾರತಿ ತಲಿ ಎತ್ತಿದ್ಲು. "ಏನಂದ್ರಿ?"

"ಏನಿಲ್ಲ."

"ನಕ್ಲು, ಅದಕ್ಕ ಅಂದ್ರಿ. ಎಷ್ಟು ದಿನದಿಂದ ಗೊತ್ತು ನಿಮಗ?"

ಅಮರಮ್ಮ ತಂಬಿಗಿ ಕೆಳಗಿಟ್ಲು. "ತಿಂಗಳ ಮ್ಯಾಲಾತು."

"ತಿಂಗಳಿಂದ ಗೊತ್ತಿದ್ದೂ ಸಿರಪ್ ಕುಡಿಸಿದ್ರಿ?"

"ನೀವ ಕುಡಸಂದ್ರಿ, ಕುಡಿಸಿದೆ. ಒಂದು ಹೊತ್ತು ತಪ್ಪಿಸಿಲ್ಲ."

"ಡಾಕ್ಟ್ರು ನಿಮ್ಮ ಎದುರಿಗೇ ಕೇಳಿದ್ರಲ್ರೀ."

"ಎಷ್ಟು ಸಲ ಬಿತ್ತು ಅಂತ ಕೇಳಿದ್ರು. ಯಾಕ ಬಿತ್ತು ಅಂತ ಯಾರು ಕೇಳ್ಯಾರ?" ಅಮರಮ್ಮನ ದನಿ ಏರ್ತು. "ನಕ್ರ ಬೀಳ್ತಾಳ ಅಂತ ನಾ ಹೇಳಿದ್ರ ನೀ ನಂಬ್ತಿದ್ದೇನು? ಮುದುಕೀಗೆ ಅರಳು ಮರಳು ಅಂತಿದ್ದಿ. ಓಣಿಯಾಗಿನವ್ರು ಕೂಸಿಗೆ ಹುಚ್ಚಿ ಅಂತಿದ್ರು. ನಾ ನಗಿ ನಿಲ್ಲಿಸಿದೆ, ಬೀಳೋದು ನಿಂತಿತು. ತಪ್ಪೇನು ಮಾಡೀನಿ?"

ಯಂಕೋಬ ಹಲ್ಲು ತೊಳದು ಹಾಕ್ಕೊಂಡು ಬಾಯಿ ಬಿಟ್ಟ. "ತಪ್ಪು ಅಂದ್ರ ಭಾರೀ ತಪ್ಪು. ಇಂಜಿನಿಯರ್ ಸಾಹೇಬ್ರ ಜೀಪು ಬರ್ತೈತಿ ಅಂದ ಕೂಡ್ಲೆ ನಾವೂ ಹಿಂಗ ಮಾಡ್ತಿದ್ವಿ. ಗೇಟು ಒಂಚೂರು ಇಳಿಸಿ ಗೇಜು ಸರಿ ತೋರಸ್ತಿದ್ವಿ. ಸಾಹೇಬ್ರು ಶಾಬಾಸ್ ಅಂತ ಹೋಗ್ತಿದ್ರು, ಕೆಳಗಿನ ಹೊಲದ ನೆಲ್ಲು ಒಣಗತಿತ್ತು. ನೀ ನನ್ನ ಕೈಲೆ ಮತ್ತ ಸುಳ್ಳು ಗೇಜು ಬರಿಸಿದಿ."

ಹೆಂಡತಿಗೆ ಎದುರು ಮಾತಾಡಿದ್ದು ಅದ ಮೊದ್ಲು ಇರಬೇಕು. ಅಮರಮ್ಮ ಅಡಗಿಮನಿಗೆ ಹೋಗಿ, ಹಲ್ಲು ಬಿದ್ದ ಹಿಟ್ಟು ಚೆಲ್ಲಿ ಬ್ಯಾರೆ ಹಿಟ್ಟು ಕಲಸಾಕ ಕುಂತ್ಲು. ಕಣ್ಣೀರು ಬರಾಕತ್ತಿದ್ವು, ಒರಸಾಕ ಕೈ ತುಂಬ ಹಿಟ್ಟು. ಭಾರತಿ ಒಂದು ಮಾತು ಮಾತ್ರ ಅಂದ್ಲು. "ಬುಧವಾರ ಲಿಂಗಸುಗೂರಿಗೆ ಹೋಗೋಣು. ಹುಬ್ಬಳ್ಳಿಯಿಂದ ಮಕ್ಕಳ ನರದ ಡಾಕ್ಟ್ರು ತಿಂಗಳಿಗೊಮ್ಮೆ ಬರ್ತಾರಂತ. ನೀವೂ ಬರಬೇಕು ಅತ್ತಿ. ನೀವ ಹೇಳಬೇಕು."

ಬುಧವಾರ ಐದೂ ಮಂದಿ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದ್ರು. ಬಸ್ಸಿನಾಗ ಅತ್ತಿ ಸೊಸಿ ಒಂದ ಸೀಟಿನಾಗ ಕುಂತ್ರೂ ಮಾತಿಲ್ಲ. ಕೂಸು ಇಬ್ಬರ ತೊಡಿ ಮ್ಯಾಲೆ ಅಡ್ಡ ಮಲಗಿತ್ತು. ಡಾಕ್ಟರ್ ಹೆಸರು ಗಂಗಾದೇವಿ, ನಲವತ್ತರ ಆಜೂಬಾಜು ವಯಸ್ಸು, ಮಾತಿಗೆ ಅವಸರ ಇಲ್ಲ. ನೋಟ್‌ಬುಕ್ ತಿರುವಿ ನೋಡಿ, ಮುಚ್ಚಿಟ್ಟು, "ಯಾವಾಗ ಬೀಳ್ತಾಳ?" ಅಂದ್ರು.

ಎಲ್ಲಾರೂ ಅಮರಮ್ಮನ ಮಾರಿ ನೋಡಿದ್ರು.

"ನಕ್ಕಾಗ ಬೀಳ್ತಾಳ್ರಿ" ಅಂದ್ಲು ಅಮರಮ್ಮ. ಅಂದು, ಡಾಕ್ಟ್ರು ಈಗ ನಗ್ತಾರ ಅಂತ ನೆಲ ನೋಡ್ಕೊಂತ ನಿಂತ್ಲು.

ಡಾಕ್ಟ್ರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಕುರ್ಚಿ ಎಳದು ಅಮರಮ್ಮನ್ನ ಕುಂದ್ರಿಸಿದ್ರು. "ಇನ್ನೊಮ್ಮೆ ಹೇಳ್ರಿ. ಸಾವಕಾಶ ಹೇಳ್ರಿ." ನಾಲಿಗಿ ಕಚ್ಚತಾಳೇನು, ಇಲ್ಲ. ಕೈಕಾಲು ಜಗ್ಗತಾವೇನು, ಇಲ್ಲ. ಎದ್ದ ಮ್ಯಾಲೆ ಮಂಪರೇನು, ಇಲ್ಲ, ಎಲ್ಲಿ ಆಟ ಬಿಟ್ಟಿದ್ಲೋ ಅಲ್ಲಿಂದ ಹಿಡೀತಾಳ. ಅಮರಮ್ಮ ತಿಂಗಳಾನುಗಟ್ಟಲೆ ನೋಡಿದ್ದನ್ನೆಲ್ಲಾ ಹೇಳಿದ್ಲು. ಯಂಕೋಬನ ನೋಟ್‌ಬುಕ್ಕಿನಾಗ ಇಲ್ಲದ್ದೆಲ್ಲಾ ಅಕಿ ತಲಿಯೊಳಗಿತ್ತು.

"ನಾನು ಒಮ್ಮೆ ಕಣ್ಣಾರೆ ನೋಡಬೇಕಲ್ಲ" ಅಂದ್ರು ಡಾಕ್ಟ್ರು. "ಇದು ಫಿಟ್ಸ್ ಹೌದೋ ಅಲ್ಲೋ ಅನ್ನೋದು ಅದರ ಮ್ಯಾಲೆ ಐತಿ. ನಗಸ್ರಿ ನೋಡೋಣು."

ಮೊದ್ಲು ಡಾಕ್ಟ್ರು ಕೈಗವಸಿಗೆ ಗಾಳಿ ತುಂಬಿ ಮೂಗು ಮೀಸಿ ಬರದ್ರು. ಕೂಸು ನೋಡ್ತು, ತುಟಿ ಬಿಗಿ ಹಿಡೀತು. ಲಕ್ಷ್ಮಣ ಕಪ್ಪಿ ಹಂಗ ಒದರಿದ. ಯಂಕೋಬ ಹಲ್ಲಿನ ಸೆಟ್ಟು ಕೈಯಾಗ ಹಿಡಕೊಂಡು ಮಾತಾಡಿಸಿದ. ಕೂಸಿನ ಗಲ್ಲ ಉಬ್ಬಿ ಉಬ್ಬಿ ಇಳಿದ್ವು, ನಗಿ ಮಾತ್ರ ಹೊರಗ ಬರಲಿಲ್ಲ.

"ಯಾಕ ಪುಟ್ಟಿ, ನಗಿ ಬರವಲ್ದೇನು?"

"ಬರ್ತೈತ್ರಿ" ಅಂತು ಕೂಸು. "ನಕ್ರ ಆಯಿ ಅಳ್ತಾಳ."

ಭಾರತಿ ಮಾರಿ ಆ ಕಡೆ ತಿರುವಿದ್ಲು. ಅಮರಮ್ಮನಿಗೆ ನೆಲ ಬಿರದು ಒಳಗ ಹೋದ್ರ ಸಾಕಾಗಿತ್ತು. ಆದ್ರ ಕೂಸು ನೋಡಾಕತ್ತಿದ್ದು ತನ್ನ ಮಾರಿನ್ನ. ಇನ್ನ ಬ್ಯಾರೆಯವ್ರ ಕೈಲೆ ಇದು ಆಗಂಗಿಲ್ಲ ಅಂತ ಅಕಿಗೆ ತಿಳೀತು. ಎದ್ದು ಕೂಸಿನ ಮುಂದ ಬಂದು ಕುಂತ್ಲು.

"ನಿಮ್ಮ ತಾತ ಕಾಲುವ್ಯಾಗ ಬಿದ್ದದ್ದು ಹೇಳೀನೇನು ನಿನಗ?"

"ಅದ್ಯಾಕ ಈಗ?" ಅಂದ ಯಂಕೋಬ.

"ನೀ ಸುಮ್ಮಕಿರು. ಕೇಳವ್ವಾ. ಆಗ ನಿಮ್ಮ ತಾತ ವಯಸ್ಸಿನ ಹುಡುಗ. ಗೇಟಿನ ಮ್ಯಾಲೆ ನಿಂತಿದ್ದ. ದೊಡ್ಡ ಸಾಹೇಬ್ರು ಬಂದ್ರು ಅಂತ ಹಿಂಗ ಸಲಾಮು ಹೊಡದ." ಅಮರಮ್ಮ ಕೈ ಎತ್ತಿ ಹಣಿಗೆ ಬಡಕೊಂಡ್ಲು. "ಹೊಡದ ಜೋರಿಗೆ ಕಾಲು ಜಾರಿ ದಬಕ್ಕಂತ ನೀರಾಗ ಬಿದ್ದ. ರುಮಾಲು ಗೊರೇಬಾಳ ಕಡೆ ತೇಲಿ ಹೋತು. ಇವಗ ಎದಿಮಟ ನೀರು, ಆದ್ರ ಸಲಾಮಿನ ಕೈ ಇಳಿಸವಲ್ಲ. ಸಾಹೇಬ್ರು ಮ್ಯಾಲಿಂದ ಕೇಳಿದ್ರು, ಏನೋ ಯಂಕೋಬ, ಇವತ್ತು ಗೇಜು ಎಷ್ಟೈತಿ? ಇಂವ ಏನಂದ ಗೊತ್ತೇನು? ಎದಿಮಟ ಐತ್ರಿ ಸಾಹೇಬ್ರ."

ಕೂಸಿನ ಬಾಯಿ ನಡಗಾಕತ್ತಿತು. ಕಣ್ಣಾಗ ನೀರು ಬಂದಿದ್ವು ತಡಕೊಂಡು ತಡಕೊಂಡು.

"ಆಯಿ" ಅಂತು. "ನಗ್ಲೇನು?"

ಅಮರಮ್ಮ ಎರಡೂ ಕೈ ಚಾಚಿದ್ಲು. "ನಗು ನನ್ನವ್ವ. ನಾ ಹಿಡಕೊಂತೀನಿ, ನಗು."

ಕೂಸು ನಕ್ತು. ಇಷ್ಟು ದಿನ ತಡದಿಟ್ಟ ನಗಿ ಒಮ್ಮೆಲೇ ನಕ್ತು. ಗೋಣು ಮೊದ್ಲು ಬಿತ್ತು, ಆಮ್ಯಾಗ ಮೈ ಎಲ್ಲಾ ಆಯಿ ಎದಿ ಮ್ಯಾಲೆ. ಡಾಕ್ಟ್ರು ನೆಲದ ಮ್ಯಾಲೆ ಮೊಣಕಾಲೂರಿ ಕುಂತು ಕೂಸಿನ ಮೊಣಕಾಲು ತಟ್ಟಿ ನೋಡಿದ್ರು, ಕಣ್ಣು ನೋಡಿದ್ರು, ಕಿವಿಯೊಳಗ ಏನೋ ಅಂದ್ರು. ನಿಮಿಷ ಆಗೋದ್ರಾಗ ಕೂಸು ತಲಿ ಎತ್ತಿತು.

"ನಾ ಏನಂದೆ ಹೇಳು?"

"ಗುಬ್ಬಿಗೆ ಹಸರ ಅಂಗಿ ಅಂದ್ರಿ."

ಡಾಕ್ಟ್ರು ಎದ್ದು ನಿಂತ್ರು. "ಫಿಟ್ಸ್ ಅಲ್ಲ. ಕೂಸಿಗೆ ಎಚ್ಚರ ಇತ್ತು, ಎಲ್ಲಾ ಕೇಳಸ್ತಿತ್ತು, ಮೈಯಾಗಿನ ಶಕ್ತಿ ಅಷ್ಟ ಹೋಗಿತ್ತು. ಇದು ನಿದ್ದಿ ರೋಗ, ನಾರ್ಕೊಲೆಪ್ಸಿ ಅಂತಾರ. ಮಕ್ಕಳಾಗ ಭಾಳ ಅಪರೂಪ. ನಗಿ ಬಂದಾಗ ಬೀಳೋದ ಇದರ ದೊಡ್ಡ ಗುರುತು." ಆಮ್ಯಾಗ ಅಮರಮ್ಮನ ಕಡೆ ತಿರುಗಿ, ಸಿಟ್ಟಿಲ್ದ, ಆದ್ರ ಮುಚ್ಚುಮರಿ ಇಲ್ದ ಅಂದ್ರು. "ಅಮ್ಮಾ, ಆ ಗುರುತನ್ನ ನೀವು ಬಚ್ಚಿಟ್ಟಿದ್ರಿ. ಇದನ್ನ ಮೊದ್ಲು ಕಂಡಾಕಿನೂ ನೀವ."

ಹುಬ್ಬಳ್ಳಿಯೊಳಗ ಒಂದು ರಾತ್ರಿ ತಲಿಗೆ, ಎದಿಗೆ, ಕಾಲಿಗೆ ವೈರು ಹಚ್ಚಿ ಮಲಗಿಸಿದ್ರು. ಮರುದಿನ ಎರಡೆರಡು ತಾಸಿಗೊಮ್ಮೆ ಐದು ಸಲ ಮಲಗಿಸಿ ಎಬ್ಬಿಸಿದ್ರು. ಮಂದಿಗೆ ತಾಸಿನ ಮ್ಯಾಲೆ ಬೀಳೋ ಕನಸಿನ ನಿದ್ದಿ ಕೂಸಿಗೆ ಮೂರು ನಿಮಿಷದಾಗ ಬಂದಿತ್ತು. ಖಾತ್ರಿ ಆತು. ಪೂರಾ ಹೋಗೋ ರೋಗ ಅಲ್ಲ ಇದು, ಹದ್ದುಬಸ್ತಿನಾಗ ಇಡಬಹುದು ಅಂದ್ರು. ಹಳೇ ಸಿರಪ್ ಒಮ್ಮೆಲೇ ಬಿಡಬ್ಯಾಡ್ರಿ, ಇಷ್ಟಿಷ್ಟ ಇಳಿಸ್ರಿ ಅಂದ್ರು. ಹೊಸ ಗುಳಿಗಿ ಎರಡು ಬರದ್ರು, ಒಂದು ಎಚ್ಚರಕ್ಕ, ಒಂದು ಬೀಳೋದಕ್ಕ. ದಿನಕ್ಕ ಎರಡು ಸಲ ಇಪ್ಪತ್ತು ನಿಮಿಷ ಸಾಲಿಯೊಳಗ ಮಲಗಿಸಲೇಬೇಕು ಅಂತ ಪತ್ರ ಬರದು ಸಿಕ್ಕಾ ಹೊಡದು ಕೊಟ್ರು.

ಪತ್ರ ತಗೊಂಡು ಸಾಲಿಗೆ ಹೋದಾಕಿ ಅಮರಮ್ಮ. ಭಾರತಿ ಬರ್ತೀನಂದ್ರ, "ನಾ ಕೆಡಿಸೀನಿ, ನಾ ಮಾಡ್ಕೊಂಡು ಬರ್ತೀನಿ, ನೀ ಬಸ್ಸಿಗೆ ನಡಿ" ಅಂದ್ಲು.

ಕನಕರಾಯ ಮಾಸ್ತರು ಪತ್ರ ಎರಡು ಸಲ ಓದಿದ್ರು. "ಸಾಲಿಯೊಳಗ ಮಲಗಿಸೋದಂದ್ರ ಹೆಂಗವಾ? ನಾಳೆ ಎಲ್ಲಾ ಹುಡುಗ್ರೂ ಮಲಗ್ತೀವಿ ಅಂತಾವ."

"ಅವುಕ್ಕ ಪತ್ರ ಐತೇನ್ರಿ? ಹನ್ನೊಂದಕ್ಕ ನಾ ಬರ್ತೀನಿ, ಎರಡಕ್ಕ ಬರ್ತೀನಿ, ನನ್ನ ತೊಡಿ ಮ್ಯಾಲೆ ಮಲಗಿಸ್ಕೊಂಡು ಎಬ್ಬಿಸಿ ಹೋಗ್ತೀನಿ. ನಿಮಗ ಜವಾಬ್ದಾರಿ ಬ್ಯಾಡ. ಬಿದ್ರ ಯಾಕ ಬಿದ್ಲು ಅಂತ ಹುಡುಗ್ರು ಕೇಳಿದ್ರ ನಕ್ಲು, ಅದಕ್ಕ ಬಿದ್ಲು ಅಂತ ಹೇಳ್ರಿ. ಮುಚ್ಚಿಡಬ್ಯಾಡ್ರಿ. ನಾ ಮುಚ್ಚಿಟ್ಟು ಉಂಡೀನಿ."

ಮಾಸ್ತರು ಹೂಂ ಅಂದ್ರು.

ವಾರ ಕಳದ್ವು. ಕೂಸು ಮುಂಜಾನೆ ರೊಟ್ಟಿ ಪೂರಾ ತಿಂದು ಎದ್ದೇಳಾಕತ್ತಿತು. ಅಕ್ಷರ ಗೆರಿ ಮ್ಯಾಲೆ ನಿಂತ್ವು. ಬೀಳೋದು ಕಡಿಮಿ ಆತು, ಪೂರಾ ನಿಲ್ಲಲಿಲ್ಲ. ಯಂಕೋಬ ನೋಟ್‌ಬುಕ್ಕಿನಾಗ ಹೊಸ ಖಾನಿ ಎಳದು ಯಾಕ ಅನ್ನೋದನ್ನೂ ಬರಿಯಾಕ ಹತ್ತಿದ. ಅತ್ತಿ ಸೊಸಿ ನಡುವ ಮಾತು ಶುರುವಾಗಿದ್ದು ಉಪ್ಪು ಕೊಡ್ರಿ, ಸಾರು ಹಾಕಲೇನು ಅನ್ನೋದ್ರಿಂದ. ಅಷ್ಟಾದ್ರೂ ಆತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲಾರೂ ಕೂಡಿ ಉಣ್ಣಾಕ ಕುಂತಿದ್ರು. ಜವಳಗೇರಾದಾಗ ತಾನು ಕಂಬದ ಮ್ಯಾಲಿದ್ದಾಗ ಕೆಳಗ ಮಂಗ್ಯಾ ಬಂದು ಬುತ್ತಿ ಬಿಚ್ಚಿದ್ದನ್ನ ಲಕ್ಷ್ಮಣ ಹೇಳ್ತಿದ್ದ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಮಡಚಿ, ತಿಂದು, ಖಾಲಿ ಡಬ್ಬಿ ಮುಚ್ಚಿ ಇಟ್ಟು ಹೋತಂತ. ಭಾರತಿ ನಕ್ಲು. ಯಂಕೋಬಗ ನೆತ್ತಿ ಹತ್ತೋ ಹಂಗ ನಗಿ ಬಂತು.

ಪಂಪಾವತಿ ನಗಲಿಲ್ಲ. ಗಲ್ಲ ಉಬ್ಬಿದ್ವು, ಕಣ್ಣು ಹೊಳೀತಿದ್ವು, ತುಟಿ ಬಿಗಿ ಹಿಡಕೊಂಡು ಆಯಿ ಮಾರಿ ನೋಡ್ತಿದ್ಲು.

ಅಮರಮ್ಮನ ಕೈಯಾಗಿನ ತುತ್ತು ಅಲ್ಲೇ ನಿಂತಿತು. ನಿದ್ದಿಗೆ ಗುಳಿಗಿ ಇತ್ತು, ಬೀಳೋದಕ್ಕೂ ಇತ್ತು. ಇದಕ್ಕ ಹುಬ್ಬಳ್ಳಿಯವ್ರೂ ಏನೂ ಬರದು ಕೊಟ್ಟಿರಲಿಲ್ಲ. ಹಚ್ಚಿದಾಕಿ ತಾನ, ಬಿಡಸಬೇಕಾದಾಕಿನೂ ತಾನ. ತಾಟು ಬಾಜೂಕ ಸರಿಸಿ ಕೂಸಿನ ಹತ್ರ ಬಂದು ಕುಂತ್ಲು, ಎಡಗೈ ಬೆನ್ನಿಗೆ ಕೊಟ್ಲು. ಕೊಟ್ಟು, ಬಾಯಿ ತೆಗದು ತಾನು ನಕ್ಲು. ಮೊದಮೊದಲು ಸುಳ್ಳುನಗಿ, ಕೆಮ್ಮಿದಂಗ ಕೇಳ್ತು. ಮಂಗ್ಯಾ ಡಬ್ಬಿ ಮುಚ್ಚಿದ್ದು ನೆನಪಾಗಿ ಹೊಟ್ಟಿಯೊಳಗಿಂದ ಖರೇ ನಗಿ ಬಂತು, ತಡಿಲಿಲ್ಲ.

ಆಮ್ಯಾಗ ಪಂಪಾವತಿ ನಕ್ಲು.